ಜೋಗುಳದ ಠಾಣೆ

ನನ್ನಜ್ಜಿ ಕಥೆ ಹೇಳುವಾಗ ರಾಜನಿಂದ ಶುರು ಮಾಡಿದವಳಲ್ಲ, ಠಾಣೆಯಿಂದ ಶುರು ಮಾಡುತ್ತಿದ್ದಳು. ಓರಗೆಯ ಹುಡುಗಿಯರ ಅಜ್ಜಿಯರೆಲ್ಲ ರಾಕ್ಷಸನ ಜೀವ ಯಾವ ಗಿಳಿಯಲ್ಲಿದೆಯೆಂದು ಹುಡುಕಿಸುವ ಹೊತ್ತಿಗೆ, ನಮ್ಮಜ್ಜಿ ಖಾಕಿ ಸೀರೆಯನ್ನು ಮಡಿಸಿ ಗೂಟಕ್ಕೆ ಹಾಕುತ್ತಾ, "ಇವತ್ತೊಂದು ತಂಬಿಗೆ ಬಂದಿತ್ತು ಕೂಸೇ, ಏನು ಅಳು ಅಂತೀಯ! ಒಳಗೆ ಒಂದು ತೊಟ್ಟು ನೀರಿಲ್ಲ, ಆದರೂ ನನ್ನ ಸೆರಗೆಲ್ಲ ಒದ್ದೆ" ಎನ್ನುತ್ತಿದ್ದಳು. ನಾನು ಕಂಬಳಿಯೊಳಗಿನಿಂದ ಮೂಗು ಮಾತ್ರ ಹೊರಗೆ ಹಾಕಿ, "ಆಮೇಲೆ?" ಎನ್ನುತ್ತಿದ್ದೆ. ಆಮೇಲೆ ಎಂದರೆ ಆಮೇಲೆ ಆ ತಂಬಿಗೆಯ ಮನೆಯವರು ಸಿಕ್ಕೇ ಸಿಗುತ್ತಿದ್ದರು. ಅಜ್ಜಿಯ ಕಥೆಗಳಲ್ಲಿ ಸಿಗದೆ ಹೋದವರು ಬಹಳ ಕಡಿಮೆ.

ನಮ್ಮೂರಿನಲ್ಲಿ ಕದ್ದ ವಸ್ತು ಅಳುತ್ತದೆ. ತನ್ನದು ಇಲ್ಲವಾಗಿದೆ ಎಂದು ಒಡೆಯರಿಗೆ ತಿಳಿದ ಗಳಿಗೆಯಲ್ಲಿ ಹಿಡಿದ ಅಳು, ಮತ್ತೆ ಅವರು ಮುಟ್ಟುವವರೆಗೂ ಪೂರ್ತಿಯಾಗಿ ಬಿಡುವುದಿಲ್ಲ. ಹಾಗಾಗಿ ಮದುವೆ ಮನೆಯಿಂದ ಹೊರಟ ಬೀಗರು ಅರ್ಧ ದಾರಿಯಲ್ಲಿ ತಮ್ಮ ಕಾಲಡಿಯಿಂದ ಬಿಕ್ಕುವ ಸದ್ದು ಕೇಳಿ, ಅಯ್ಯೋ ಚಪ್ಪಲಿ ಅದಲುಬದಲಾಯಿತಲ್ಲ ಎಂದು ಓಡೋಡಿ ಹಿಂದಕ್ಕೆ ಬರುವುದು ನಮಗೆ ನಗುವ ವಿಷಯವೂ ಅಲ್ಲ. ಪಕ್ಕದ ಮನೆಗೆ ಸೂಜಿ ಕೊಟ್ಟರೂ "ಇದು ಇನ್ನು ನಿಂದೇ ಕಣವ್ವ" ಎಂದು ಬಾಯಿಬಿಟ್ಟು ಹೇಳಿ ಕೊಡುತ್ತೇವೆ. ಮರೆತು ಬಿಟ್ಟುಹೋದ ಕೊಡೆಗಳು ಮಾತ್ರ ಬಸ್ ನಿಲ್ದಾಣದ ಗೋಡೆಗೆ ಒರಗಿಕೊಂಡು, ಯಾರ ಗೊಡವೆಯೂ ಇಲ್ಲದೆ ಸುಮ್ಮನೆ ನಿಂತಿರುತ್ತವೆ.

ಊರಿನವರು ಕದಿಯುತ್ತಿದ್ದುದು ಕಡಿಮೆ. ಕದಿಯುತ್ತಿದ್ದವರು ನಮ್ಮೂರನ್ನು ಅರಿಯದ ದಾರಿಹೋಕರು. ಜೇಬಿನಲ್ಲಿಟ್ಟುಕೊಂಡದ್ದು ಹೋ ಎಂದು ಅಳತೊಡಗಿದೊಡನೆ ಬೆವರಿ, ಬೇಲಿಯ ಸಂದಿಗೆ ಎಸೆದು, ಸಿಕ್ಕ ಲಾರಿ ಹತ್ತಿ ಪರಾರಿಯಾಗುತ್ತಿದ್ದರು. ಎಸೆದದ್ದನ್ನು ಯಾರಾದರೂ ಎದೆಗವಚಿಕೊಂಡು ಠಾಣೆಗೆ ತರುತ್ತಿದ್ದರು. ಅದರ ಮನೆ ಸಿಗುವವರೆಗೆ ಸಮಾಧಾನ ಮಾಡುವುದು ಪೊಲೀಸರ ಕೆಲಸ. ಅದಕ್ಕೇ ನಮ್ಮಲ್ಲಿ ಪೊಲೀಸ್ ಕೆಲಸಕ್ಕೆ ಆಳು ತೆಗೆದುಕೊಳ್ಳುವಾಗ ಓಡಿಸಿ ನೋಡುವುದಿಲ್ಲ, ಹಾಡಿಸಿ ನೋಡುತ್ತಾರೆ. ನನ್ನಜ್ಜಿ ದೇವೀರಮ್ಮ ಹಾಡಿಯೇ ಕಾನ್‌ಸ್ಟೇಬಲ್ ಆದವಳು, ಹಾಡಿ ಹಾಡಿಯೇ ಹೆಡ್ ಕಾನ್‌ಸ್ಟೇಬಲ್ ಆದವಳು.

ಅವಳು ನನ್ನನ್ನು ಠಾಣೆ ತೋರಿಸಲು ಕರೆದುಕೊಂಡು ಹೋದ ದಿನ ಶಾಲೆಗೆ ರಜೆ. ತಲೆಗೆ ಎಣ್ಣೆಯೊತ್ತಿ, ಕಣ್ಣು ಮೇಲೆ ಹೋಗುವಷ್ಟು ಬಿಗಿಯಾಗಿ ಎರಡು ಜಡೆ ಹಾಕಿದಳು.

"ಠಾಣೆಗೆ ಹೋಗೋಕೆ ಇಷ್ಟೊಂದು ಸಿಂಗಾರ ಯಾಕಜ್ಜಿ?"

"ನನ್ನ ಮೊಮ್ಮಗಳು ಕೆದರಿಕೊಂಡು ಬಂದಳು ಅಂತ ನಾಳೆ ರೈಟರ್ ಮುದ್ದುವೀರ ಆಡಿಕೊಂಡು ನಗಬಾರದು. ನಡಿ. ಇವತ್ತೇ ನೋಡಬೇಕು ನೀನು. ನಾಳೆಗೆ ಗೊಂಬೆ ಇರ್ತದೋ ಇಲ್ವೋ."

ಗೊಂಬೆಯ ಕಥೆ ನನಗೆ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಅಜ್ಜಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಂತೆ ಬೀದಿಯಲ್ಲಿ ಒಂದು ಮರದ ಗೊಂಬೆ ಸಿಕ್ಕಿತ್ತು. ಸಿಕ್ಕಾಗ ಸುಮ್ಮನಿದ್ದದ್ದು ಮಾರನೆಯ ದಿನ ಬೆಳಗಾಗುವಷ್ಟರಲ್ಲಿ ಅಳಲು ಹಿಡಿಯಿತು. ಒಡೆಯರು ಈಗ ಹುಡುಕಿ ನೋಡಿರಬೇಕು ಎಂದುಕೊಂಡರು ಎಲ್ಲರೂ. ಅಂದು ಹಿಡಿದ ಅಳು ನಿಂತಿರಲಿಲ್ಲ. ಅಜ್ಜಿ ಬಂದ ಬಸ್ಸಿಗೆಲ್ಲ ಹತ್ತಿ "ಗೊಂಬೆ ಕಳಕೊಂಡೋರು ಯಾರಾದರೂ ಇದೀರಾ?" ಎಂದು ಕೂಗಿದ್ದಳು. ನೆಂಟರು ಬಂದ ಮನೆಗೆಲ್ಲ ಹೋಗಿ ವಿಚಾರಿಸಿದ್ದಳು. ನನ್ನಮ್ಮ ಹುಟ್ಟಿ, ಬೆಳೆದು, ಮದುವೆಯಾಗಿ, ನಾನು ಹುಟ್ಟಿ ಎರಡು ಜಡೆ ಹಾಕಿಸಿಕೊಳ್ಳುವಷ್ಟಾದರೂ ಗೊಂಬೆ ಅಳುತ್ತಲೇ ಇತ್ತು. ಇಡೀ ಚಾಕರಿಯಲ್ಲಿ ಅಜ್ಜಿಗೆ ಸಮಾಧಾನ ಮಾಡಲಾಗದೆ ಉಳಿದದ್ದು ಅದೊಂದೇ. ಈಗ ಹೊಸದಾಗಿ ಬಂದಿದ್ದ ಇನ್‌ಸ್ಪೆಕ್ಟರ್ ಸಾಹೇಬರು, ಅದನ್ನು ಸಂಜೆಯೊಳಗೆ ಕೆರೆಗೆ ಹಾಕಿಬರಬೇಕು ಎಂದು ಅಜ್ಜಿಗೇ ಅಪ್ಪಣೆ ಮಾಡಿದ್ದರು.

ಠಾಣೆಯ ಮೆಟ್ಟಿಲ ಬಳಿ ಅಜ್ಜಿ ನನ್ನ ಬೆನ್ನು ನೆಟ್ಟಗೆ ಮಾಡಿದಳು. ಸೆಂಟ್ರಿ ಬಂದೂಕನ್ನು ಪಕ್ಕಕ್ಕಿಟ್ಟು, "ಏನು ದೇವೀರಮ್ಮಾರೆ, ಆರೋಪೀನ ಹಿಡ್ಕೊಂಡು ಬಂದ್ರಾ?" ಎಂದ.

"ಆರೋಪಿ ಅಲ್ಲಪ್ಪ, ಮುಂದಿನ ಇನ್‌ಸ್ಪೆಕ್ಟರು. ಸಲ್ಯೂಟ್ ಹೊಡಿ."

ಅವನು ನಿಜಕ್ಕೂ ಹೊಡೆದ. ನನಗೆ ಅಲ್ಲಿಯೇ ಒಂದು ಮೊಳ ಎತ್ತರವಾದಂತೆನಿಸಿತು.

ಅಜ್ಜಿ ಅರಮನೆ ತೋರಿಸುವವಳ ಗತ್ತಿನಲ್ಲಿ ಎಲ್ಲ ತೋರಿಸಿದಳು. ಇದು ರೈಟರ್ ಮೇಜು, ಇಲ್ಲಿ ಮುದ್ದುವೀರಪ್ಪ ಯಾವ ವಸ್ತು ಯಾವ ರಾಗದಲ್ಲಿ ಅಳುತ್ತಿದೆ ಎಂದು ಬರೆದುಕೊಳ್ಳುತ್ತಾನೆ. ಇದು ಲಾಕಪ್, ಒಳಗೆ ಯಾರೂ ಇಲ್ಲ, ಗೋಡೆ ದಪ್ಪ ಇರುವುದರಿಂದ ರಾತ್ರಿ ಪಾಳಿಯವರು ಬಂದು ನಿದ್ದೆ ಮಾಡುತ್ತಾರೆ. ನಾನು ಸರಳು ಹಿಡಿದು ಒಳಗೆ ಇಣುಕಿದೆ. ಹಗ್ಗದ ಮೇಲೆ ಯಾರದೋ ಬನಿಯನ್ ಒಣಗುತ್ತಿತ್ತು.

ಇನ್‌ಸ್ಪೆಕ್ಟರ್ ಚಂದ್ರಹಾಸ ಸಾಹೇಬರು ಕೋಣೆಯಿಂದ ಹೊರಗೆ ಬಂದರು. ನಾನು ಅವರನ್ನು ಮೀಸೆ ತಿರುವುವ ಕೇಡಿಗನೆಂದು ಊಹಿಸಿಕೊಂಡಿದ್ದೆ. ನೋಡಿದರೆ ಕಣ್ಣೆಲ್ಲ ಕೆಂಪಾಗಿ, ಪಾಪ, ಜ್ವರ ಬಂದ ಮಗುವಿನ ಅಪ್ಪನ ಹಾಗಿದ್ದರು.

"ದೇವೀರಮ್ಮ, ನನ್ನನ್ನ ಕಟುಕ ಅಂದ್ಕೋಬೇಡಿ. ಈ ಊರಿಗೆ ಬಂದಾಗಿಂದ ಒಂದು ಕನಸು ಪೂರ್ತಿ ಕಂಡಿಲ್ಲ ನಾನು. ಅರ್ಧಕ್ಕೇ ಅದು ಊಂ ಅನ್ನತ್ತೆ."

"ಕೆರೆಗೆ ಹಾಕಿದ್ರೆ ಅಳು ನಿಲ್ಲಲ್ಲ ಸಾರ್. ನೀರೊಳಗೆ ಅಳ್ತದೆ. ಬಟ್ಟೆ ಒಗೆಯೋರಿಗೆ ಕೇಳ್ತದೆ, ಮೀನಿಗೆ ಕೇಳ್ತದೆ."

"ನಮಗೆ ಕೇಳಲ್ವಲ್ಲ."

"ಸಂಜೆವರೆಗೂ ನನ್ನ ಡ್ಯೂಟಿ ಇದೆ ಸಾರ್. ಅಲ್ಲೀವರೆಗೆ ಅದು ನನ್ನ ಕೂಸು" ಎಂದು ಅಜ್ಜಿ ನನ್ನ ಕೈ ಹಿಡಿದು ಒಳಗೆ ನಡೆದಳು.

ಒಳಗಿನದು ತೊಟ್ಟಿಲ ಕೋಣೆ. ತೊಲೆಯಿಂದ ಸಾಲಾಗಿ ತೊಟ್ಟಿಲುಗಳು ಇಳಿಬಿದ್ದಿದ್ದವು, ಕಿಟಕಿಯಿಂದ ಬೆಳಕು ಅವುಗಳ ಮೇಲೆ ಹಾಲಿನಂತೆ ಚೆಲ್ಲಿತ್ತು. ಒಂದರಲ್ಲಿ ಸೈಕಲ್ಲಿನ ಗಂಟೆ, ಇನ್ನೊಂದರಲ್ಲಿ ಯಾರದೋ ದಪ್ಪ ಗಾಜಿನ ಕನ್ನಡಕ, ಮತ್ತೊಂದರಲ್ಲಿ ಹಿತ್ತಾಳೆ ಸೌಟು. ಅಜ್ಜಿ ಸೆರಗು ಸಿಕ್ಕಿಸಿ ಒಂದೊಂದರ ಬಳಿಯೂ ನಿಂತಳು. "ಈ ಸೌಟಿಗೆ ಹಾಡು ಆಗಲ್ಲ, ಒಗ್ಗರಣೆ ಸದ್ದು ಮಾಡಬೇಕು. ಚುಂಯ್ ಚುಂಯ್… ನೋಡು, ಸದ್ಯಕ್ಕೆ ನಿಲ್ಲಿಸ್ತು. ಕನ್ನಡಕಕ್ಕೆ ಏನಾದರೂ ಓದಿ ಹೇಳ್ತಿರಬೇಕು, ಸುಳ್ಳು ಸುದ್ದಿಯಾದರೂ ಪರವಾಗಿಲ್ಲ." ಅವಳ ದನಿ ಹೋದಲ್ಲೆಲ್ಲ ಬಿಕ್ಕು ಇಳಿಯುತ್ತಿತ್ತು. ಯಾವ ಕಥೆಯ ರಾಣಿಯೂ ತನ್ನ ರಾಜ್ಯದಲ್ಲಿ ಹಾಗೆ ನಡೆದಿರಲಾರಳು. ಇವಳು ನನ್ನಜ್ಜಿ ಎಂದು ಗಂಟಲು ಬಿರಿಯುವಂತೆ ಕೂಗಬೇಕೆನಿಸಿತು.

ಮೂಲೆಯ ತೊಟ್ಟಿಲು ಮಾತ್ರ ನಿಲ್ಲಲಿಲ್ಲ. ಅದರೊಳಗೆ ಗಟ್ಟಿಮುಟ್ಟಾದ ಹಲಸಿನ ಮರದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಚಿಂದಿ ಬಟ್ಟೆ ಹಾಸಿ ಮಲಗಿಸಿದ ಗೊಂಬೆ. ಮೂಗು ಸವೆದು, ಬಣ್ಣ ಹೋಗಿ, ಕಣ್ಣು ಮಾತ್ರ ಕಪ್ಪಗೆ ಉಳಿದಿತ್ತು. ಊಂ… ಊಂ… ಎಂದು ಹಳೆಯ ಬಾಗಿಲು ನರಳಿದಂತೆ ಅಳು. ಅಜ್ಜಿ ತೊಟ್ಟಿಲು ತೂಗಿದಳು. ಸದ್ದು ತಗ್ಗಿತು, ನಿಲ್ಲಲಿಲ್ಲ.

"ಎತ್ತಿಕೊಂಡರೆ ನಿಲ್ಲುತ್ತೇನೋ ಅಜ್ಜಿ?"

"ಶಿವನೇ, ಮುಟ್ಟೀಯ! ತೊಟ್ಟಿಲಲ್ಲಿ ಮಲಗಿಸಿದ ಮೇಲೆ, ಒಡೆಯರು ಯಾರು ಅಂತ ತಿಳಿಯೋವರೆಗೆ ಬೇರೆ ಕೈ ತಾಗಬಾರದು. ತಾಗಿದರೆ ಒಡೆಯರನ್ನ ಮರೆತುಬಿಡ್ತಾವೆ. ಈ ಠಾಣೆ ಕಟ್ಟಿದಾಗಿಂದ ಹಾಗೇ. ಮೊದಲ ದಿನ ಮಲಗಿಸಿದೆ, ಆಮೇಲೆ ನಾನೂ ಮುಟ್ಟಿಲ್ಲ. ತೂಗಬೇಕು, ಹಾಡಬೇಕು, ಅಷ್ಟೆ."

ಅಷ್ಟರಲ್ಲಿ ಹೊರಗೆ ಗಲಾಟೆ. ಯಾರೋ ಬಿಕ್ಕುವ ಟಾರ್ಚೊಂದನ್ನು ಹಿಡಿದು ತಂದಿದ್ದರು. ಅಜ್ಜಿ "ತೂಗ್ತಾ ಇರು, ಬಂದೆ" ಎಂದು ಹೊರಟಳು.

ನಾನು ತೂಗಿದೆ. ತೂಗುತ್ತಾ ಗೊಂಬೆಯ ಕಣ್ಣು ನೋಡಿದೆ. ಸಂಜೆಗೆ ಆ ಕಣ್ಣಿನೊಳಗೆ ಕೆರೆಯ ನೀರು ಹೋಗುತ್ತದೆ, ಪಾಚಿ ಅಂಟಿಕೊಳ್ಳುತ್ತದೆ, ಆದರೂ ಅದು ಮುಚ್ಚಲಾರದು ಎಂದು ನೆನೆದೆ. ಹೇಗೂ ಮುಳುಗುವ ಗೊಂಬೆ ಒಡೆಯರನ್ನು ಮರೆತರೇನು, ನೆನಪಿಟ್ಟುಕೊಂಡರೇನು? ಒಂದು ಸಲ ಯಾರಾದರೂ ಎತ್ತಿಕೊಳ್ಳಲಿ. ನಾನು ತೊಟ್ಟಿಲೊಳಗೆ ಬಗ್ಗಿ ಎರಡೂ ಕೈಯಿಂದ ಎತ್ತಿಕೊಂಡು ಕಿಟಕಿಯ ಬಳಿ ಹೋಗಿ ಕೂತೆ. ಎದೆಗೆ ಒತ್ತಿಕೊಂಡು "ಜೋ ಜೋ" ಎಂದೆ.

ಗೊಂಬೆ ಸುಮ್ಮನಿತ್ತು. ಬಿಸಿಲಲ್ಲಿ ಒಣಗಿದ ಕಟ್ಟಿಗೆಯಂತೆ ಸುಮ್ಮನೆ. ಆದರೆ ಊಂ… ಊಂ… ಎನ್ನುವುದು ನಿಂತಿರಲಿಲ್ಲ. ಅದು ಮೂಲೆಯಿಂದ ಬರುತ್ತಿತ್ತು.

"ಅಜ್ಜೀ! ಗೊಂಬೆ ಅಳ್ತಿಲ್ಲ!"

ಅಜ್ಜಿ ಟಾರ್ಚು ಹಿಡಿದವನನ್ನು ಅಲ್ಲೇ ಬಿಟ್ಟು ಓಡಿಬಂದಳು, ಹಿಂದೆ ರೈಟರ್, ಅವರ ಹಿಂದೆ ಸಾಹೇಬರು. ನನ್ನ ತೊಡೆಯ ಮೇಲಿದ್ದ ಗೊಂಬೆಯನ್ನು ಕಂಡು ಅವಳು ಕೈಯೆತ್ತಿದ್ದಳು, ಒಂದು ಏಟು ಬೀಳುತ್ತದೆಂದು ನಾನು ಕಣ್ಣು ಮುಚ್ಚಿದೆ. ಬೀಳಲಿಲ್ಲ. ಕಣ್ಣು ಬಿಟ್ಟರೆ ಅಜ್ಜಿ ಮೂಲೆಯ ತೊಟ್ಟಿಲ ಮೇಲೆ ಬಗ್ಗಿ, ಬರಿದಾದ ಪೆಟ್ಟಿಗೆಗೆ ಕಿವಿಯಿಟ್ಟಿದ್ದಳು.

"ಪೆಟ್ಟಿಗೆ ಅಳ್ತಿದೆ" ಎಂದಳು.

ಮುದ್ದುವೀರಪ್ಪ ನಕ್ಕುಬಿಟ್ಟ. "ಅದ್ಯಾಕೆ ಅಳತ್ತೆ? ಅದು ಠಾಣೆ ಪೆಟ್ಟಿಗೆ. ಪೊಲೀಸರ ಮನೇಲಿ ಕದ್ದ ಮಾಲು ಇರ್ತದೆ ಸರಿ, ಪೊಲೀಸರು ಕದ್ದಿದ್ದು ಇರ್ತದಾ?"

"ಠಾಣೆದಲ್ಲ ಕಣೋ. ನಾನು ತಂದದ್ದು." ಅಜ್ಜಿ ನೆಲಕ್ಕೆ ಕುಳಿತಳು. "ಗೊಂಬೆ ಸಿಕ್ಕ ದಿನ, ಬರೀ ಕೈಯಲ್ಲಿ ಹೆಂಗೆ ಒಯ್ಯಲಿ ಅಂತ ನೋಡಿದೆ. ಕಡಲೆಪುರಿ ಅಂಗಡಿ ಮುಂದೆ ಈ ಪೆಟ್ಟಿಗೆ ಬೋರಲಾಗಿ ಬಿದ್ದಿತ್ತು. ಬೇಡದ್ದು, ಬಿಸಾಕಿದಾರೆ ಅಂದ್ಕೊಂಡೆ. ಕೇಳಲಿಲ್ಲ. ಖಾಕಿ ಹಾಕ್ಕೊಂಡ ಮೇಲೆ ಕೇಳೋದೇನು ಅಂತ ಇತ್ತೋ ಏನೋ ಆಗ. ಗೊಂಬೇನ ಯಾರೋ ಮರೆತು ಬಿಟ್ಟುಹೋಗಿದ್ದರು, ಅಷ್ಟೆ. ಅದು ಒಂದು ದಿನವೂ ಅತ್ತಿಲ್ಲ."

ಎಷ್ಟೋ ವರ್ಷ ಅಷ್ಟು ಪೊಲೀಸರು ತೂಗಿದ್ದರು, ಅಷ್ಟು ಬಗೆಯ ರಾಗ ಹಾಡಿದ್ದರು. ಗೊಂಬೆಯ ಮುಖ ನೋಡಿಕೊಂಡು ಹಾಡಿದ್ದರು. ಮುಖವಿಲ್ಲದ್ದು ಅಳಬಹುದೆಂದು, ಅದೂ ತಮ್ಮ ಮನೆಯಲ್ಲಿ, ಯಾರಿಗೂ ಹೊಳೆದಿರಲಿಲ್ಲ.

ಸಾಹೇಬರು ಗಂಟಲು ಸರಿಮಾಡಿಕೊಂಡರು. ಅವರ ದನಿಯಲ್ಲಿ ಕರುಣೆಯೇ ಇತ್ತು. "ಹೋಗಲಿ ಬಿಡಿ. ಅಂಗಡಿ ಮುಚ್ಚಿದ ಮೇಲೆ ಬಾಗಿಲ ಮುಂದೆ ಇಟ್ಟು ಬಂದುಬಿಡೋಣ. ಬೆಳಗ್ಗೆ ಅವರೇ ಮುಟ್ತಾರೆ, ಸದ್ದು ನಿಲ್ಲತ್ತೆ. ಇಷ್ಟು ವರ್ಷದ ನಿಮ್ಮ ಹೆಸರು ಉಳಿಯತ್ತೆ, ಠಾಣೆ ಮರ್ಯಾದೆಯೂ ಉಳಿಯತ್ತೆ."

"ಬೇರೆ ಕಳ್ಳರಾಗಿದ್ರೆ ಹಂಗೆ ಬಿಡ್ತಿದ್ವಾ ಸಾರ್?"

ನಮ್ಮೂರಿನ ಕಳ್ಳರಿಗೆ ಜೈಲಿಲ್ಲ. ಕದ್ದದ್ದನ್ನು ತಲೆಯ ಮೇಲೆ ಹೊತ್ತು, ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಾ, ಹಾಡಹಗಲು ಸಂತೆ ಬೀದಿಯ ನಡುವೆ ನಡೆದು ಒಡೆಯರ ಮನೆಗೆ ಮುಟ್ಟಿಸಬೇಕು. ಅದಾದ ಮೇಲೆ ಯಾರೂ ಆ ಮಾತೆತ್ತುವಂತಿಲ್ಲ. ಆದರೆ ಆ ಬೀದಿಯನ್ನು ದಾಟುವಷ್ಟರಲ್ಲಿ ಎಂಥೆಂಥ ಗಂಡಸರು ಕುಗ್ಗಿಹೋದದ್ದನ್ನು ಊರು ನೋಡಿತ್ತು. ಅವರ ಜೊತೆ ಒಂದು ಹೆಜ್ಜೆ ಹಿಂದೆ ಲಾಠಿ ಹಿಡಿದು ನಡೆಯುತ್ತಿದ್ದವಳು ನನ್ನಜ್ಜಿಯೇ.

"ಬೇಡಜ್ಜಿ" ಎಂದೆ ನಾನು. ಸಂತೆಯಲ್ಲಿ ನನ್ನ ಕ್ಲಾಸಿನ ಹುಡುಗಿಯರಿರುತ್ತಾರೆ ಎಂಬುದು ಆಗ ನೆನಪಾಗಿತ್ತು. "ಕತ್ತಲಾದ ಮೇಲೆ ಇಡೋಣ. ಸಾಹೇಬರೇ ಹೇಳಿದಾರಲ್ಲ."

ಅಜ್ಜಿ ನನ್ನ ಜಡೆ ಸರಿಮಾಡಿದಳು. "ಠಾಣೆ ಎಲ್ಲಾ ತೋರಿಸ್ತೀನಿ ಅಂದಿದ್ದೆ ಅಲ್ವಾ ಮಗಾ? ಇದೊಂದು ಉಳಿದಿತ್ತು." ಆಮೇಲೆ ತನ್ನ ಟೋಪಿ ತೆಗೆದು ನನ್ನ ಕೈಗೆ ಕೊಟ್ಟಳು. "ಇದನ್ನ ಹಿಡ್ಕೊ. ತಲೆ ಮೇಲೆ ಎರಡು ಹೊರೋಕಾಗಲ್ಲ."

ಸೆರಗನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡಳು. ಗೊಂಬೆಯನ್ನು ಮುದ್ದುವೀರಪ್ಪ ತನ್ನ ಮೇಜಿನ ಮೇಲೆ ಕೂರಿಸಿಕೊಂಡ. ಸಾಹೇಬರು ಒಂದು ಗಳಿಗೆ ತಡೆದು, ತಾವೇ ಪೆಟ್ಟಿಗೆಗೆ ಕೈಹಾಕಿ ಅಜ್ಜಿಯ ತಲೆಗೆ ಎತ್ತಿ ಇಟ್ಟರು.

ಬೀದಿಯಲ್ಲಿ ಮೊದಲು ಕಂಡವರು ನಕ್ಕರು. ದೇವೀರಮ್ಮ ಏನೋ ಮಾಲು ಸಾಗಿಸುತ್ತಿದ್ದಾಳೆ ಎಂದುಕೊಂಡರು. ಅಜ್ಜಿ ನಿಂತು, ತೊಟ್ಟಿಲ ಕೋಣೆಯಲ್ಲಿ ಎಂದೂ ತೆಗೆಯದಿದ್ದ ದನಿ ತೆಗೆದಳು. "ನಾನು ದೇವೀರಮ್ಮ! ಹೆಡ್ ಕಾನ್‌ಸ್ಟೇಬಲ್ ದೇವೀರಮ್ಮ! ಈ ಪೆಟ್ಟಿಗೆ ಕೇಳದೆ ತಗೊಂಡು ಬಂದವಳು ನಾನು!"

ತಕ್ಕಡಿ ಹಿಡಿದವರು ಹಿಡಿದಂತೆಯೇ ನಿಂತರು. ಬದನೆಕಾಯಿಯವಳು "ಅಯ್ಯೋ ಅಕ್ಕಾ, ನೀನಾ?" ಎಂದಳು. "ನಾನೇ ಕಣವ್ವ" ಎಂದು ಅಜ್ಜಿ ಮುಂದೆ ನಡೆದಳು. ಉಳಿದ ಕಳ್ಳರು ನೆಲ ನೋಡಿಕೊಂಡು ಗೊಣಗುತ್ತಾ ಹೋಗುತ್ತಿದ್ದ ಬೀದಿ ಅದು. ಅಜ್ಜಿ ಒಬ್ಬೊಬ್ಬರ ಮುಖ ನೋಡಿ ಕೂಗುತ್ತಿದ್ದಳು. ಕುತ್ತಿಗೆ ನೆಟ್ಟಗಿತ್ತು, ತಲೆಯ ಮೇಲೆ ಪೆಟ್ಟಿಗೆ ಊಂ ಎನ್ನುತ್ತಿತ್ತು, ಅವಳ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ದನಿ ಮಾತ್ರ ಒಂದು ಕಡೆಯೂ ಒಡೆಯಲಿಲ್ಲ.

ಗಾಣದ ಮೂಲೆಯಲ್ಲಿ ನನ್ನ ಕ್ಲಾಸಿನ ಪದ್ದಿ ನಿಂತಿದ್ದಳು, ಬಾಯಿಗೆ ಕೈ ಅಡ್ಡ ಹಿಡಿದು ಇನ್ನೊಬ್ಬಳ ಕಿವಿಗೆ ಏನೋ ಊದುತ್ತಿದ್ದಳು. ನಾನು ಅಜ್ಜಿಯ ಹಿಂದೆ ಅವಿತುಕೊಳ್ಳಲು ಹೋದೆ. ಹೋದವಳಿಗೆ ಹಿಂದಿನಿಂದ ಅಜ್ಜಿಯ ಬೆನ್ನು ಕಂಡಿತು. ಅಂಥ ಬೆನ್ನನ್ನು ನಾನು ಆಮೇಲೆ ಎಲ್ಲಿಯೂ ನೋಡಿಲ್ಲ. ಕೈಯಲ್ಲಿದ್ದ ಟೋಪಿಯನ್ನು ತಲೆಗೆ ಹಾಕಿಕೊಂಡೆ. ಅದು ಕಿವಿ ಮುಚ್ಚಿ ಮೂಗಿನವರೆಗೂ ಇಳಿಯಿತು. ಅಜ್ಜಿಯ ಪಕ್ಕಕ್ಕೆ ಬಂದು, ಅವಳು "ನಾನು ದೇವೀರಮ್ಮ" ಎಂದಾಗಲೆಲ್ಲ ನಾನು "ಇವಳು ನನ್ನಜ್ಜಿ!" ಎಂದು ಕೂಗತೊಡಗಿದೆ.

ಕಡಲೆಪುರಿ ಅಂಗಡಿಯ ಹಾಲವ್ವ ಗಿಡ್ಡ ಹೆಂಗಸು, ಗಲ್ಲಾ ಪೆಟ್ಟಿಗೆಯ ಮೇಲಿಂದ ಅವಳ ಹಣೆ ಮಾತ್ರ ಕಾಣುತ್ತಿತ್ತು. ಅಜ್ಜಿ ಪೆಟ್ಟಿಗೆ ಇಳಿಸಿ ಎಲ್ಲವನ್ನೂ ಹೇಳಿದಳು, ಒಂದನ್ನೂ ಮುಚ್ಚಿಡಲಿಲ್ಲ. ಹಾಲವ್ವ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಪೆಟ್ಟಿಗೆಯನ್ನು ನೋಡಿದಳು.

"ಇದರ ಮೇಲೆ ನಿಂತು ಮೇಲಿನ ಡಬ್ಬ ಇಳಿಸ್ತಿದ್ದೆ ಕಣೇ. ಒಂದು ಬೆಳಗ್ಗೆ ಕಾಲಿಟ್ಟರೆ ಇಲ್ಲ. ಕದ್ದು ಇಟ್ಟುಕೊಂಡಿದ್ದರೆ ಅಳೋ ಸದ್ದು ಕೇಳ್ತಿತ್ತಲ್ಲ, ಯಾರೋ ಒಲೆಗೆ ಹಾಕಿ ಉರಿಸಿಬಿಟ್ಟರು ಅಂತ ಸುಮ್ಮನಾದೆ. ಸಂಜೆ ಸಂಜೆ ನಿಮ್ಮ ಠಾಣೆ ಕಡೆಯಿಂದ ಅಳು ಬರೋದು. ಪಾಪ ಯಾರದೋ ಅಂತ ಲೊಚಗುಟ್ಟಿಕೊಂಡು ಕೂತಿರ್ತಿದ್ದೆ. ಗೊಂಬೆಗೆ ಅಂತ ಪುರಿ ಕಳಿಸಿದ್ದೆ, ನೆನಪಿದೆಯಾ?"

"ನಾವು ತಿಂದ್ವಿ" ಎಂದಳು ಅಜ್ಜಿ.

"ಹಾಡಿದ್ಯಂತೆ?"

"ದಿನಾ."

"ಅಲ್ಲೇ ದೇವೀರಿ, ಈ ಪೆಟ್ಟಿಗೆಗೆ ದಿನಾ ಜೋಗುಳ ಹಾಡಿದ್ಯಾ? ನಾನು ಬರೀ ತುಳಿದಿದ್ದೆ ಕಣೇ ಇದನ್ನ."

ಹೇಳಿ, ಬಗ್ಗಿ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟಳು. ಅಳು ನಿಂತಿತು. ನನ್ನ ಅಮ್ಮನ ವಯಸ್ಸಿನವರಿಗೆ ಆ ಸದ್ದಿಲ್ಲದ ಊರು ಹೇಗಿರುತ್ತದೆಂದೇ ಗೊತ್ತಿರಲಿಲ್ಲ. ಬೀದಿಯ ಜನ, ಛಾವಣಿಯ ಮೇಲೆ ಯಾರೋ ನಡೆದರೇನೋ ಎಂಬಂತೆ ಮೇಲೆ ನೋಡಿದರು. ದೂರದ ಕೆರೆಯ ಕಪ್ಪೆಗಳ ದನಿ ಆ ದಿನ ಮೊದಲ ಬಾರಿಗೆ ಸಂತೆಯವರೆಗೆ ಬಂತು.

ಹಾಲವ್ವ ಪೆಟ್ಟಿಗೆಯನ್ನು ಬೋರಲು ಹಾಕಿ, ನನ್ನ ಭುಜ ಹಿಡಿದುಕೊಂಡು ಮೇಲೆ ಹತ್ತಿದಳು. ಡಬ್ಬ ಇಳಿಸುತ್ತಾಳೆಂದುಕೊಂಡೆ. ಅವಳು ಅಜ್ಜಿಯ ಕಡೆ ತಿರುಗಿದಳು. ಈಗ ಇಬ್ಬರ ಕಣ್ಣೂ ಒಂದೇ ಮಟ್ಟದಲ್ಲಿದ್ದವು. ಸೆರಗಿನ ತುದಿಯಿಂದ ಅಜ್ಜಿಯ ಕೆನ್ನೆ ಒರೆಸಿದಳು. ಆಮೇಲೆ ನನ್ನ ತಲೆಯಿಂದ ಟೋಪಿ ತೆಗೆದು, ಧೂಳು ಕೊಡವಿ, ಅಜ್ಜಿಯ ನರೆಗೂದಲ ಮೇಲೆ ಇಟ್ಟಳು. ಸರಿಯಾಗಿ ಕೂತಿದೆಯೇ ಎಂದು ಹಿಂದಕ್ಕೆ ವಾಲಿ ನೋಡಿದಳು. ಮತ್ತೆ ಒಂದು ಚೂರು ಬಲಕ್ಕೆ ತಿರುಗಿಸಿದಳು.

"ಹೋಗು, ಡ್ಯೂಟಿ ನೋಡು" ಎಂದಳು.

ವಾಪಸ್ಸು ಬರುವಾಗ ಬೀದಿ ತಾನಾಗಿಯೇ ದಾರಿ ಬಿಟ್ಟಿತು. ಅಜ್ಜಿ ಯಾರನ್ನೂ ನೋಡದೆ ನಡೆಯುತ್ತಿದ್ದಳು. ಸಂತೆಗೆಂದು ಬೇರೆ ಊರಿಂದ ಬಂದಿದ್ದ ಮುದುಕಿಯೊಬ್ಬಳು ನನ್ನ ಲಂಗದ ಚುಂಗು ಹಿಡಿದು ನಿಲ್ಲಿಸಿ, "ಎಷ್ಟು ಎದೆ ಸೆಟೆಸಿಕೊಂಡು ಹೋಗ್ತಿದೀಯಲ್ಲ, ಯಾರ ಮನೆ ಕೂಸೇ ನೀನು?" ಎಂದು ಕೇಳಿದಳು.

"ಪೆಟ್ಟಿಗೆ ಕದ್ದಳಲ್ಲ ದೇವೀರಮ್ಮ," ಎಂದೆ, ಬೀದಿಗೆಲ್ಲ ಕೇಳುವ ಹಾಗೆ, "ಅವಳ ಮೊಮ್ಮಗಳು!"